ಎರಡು ರಿಂಗು

ಇಟ್ಟಿಗೆಗೂಡಿನಲ್ಲಿ ಅಲಾರಂ ಬೇಕಿಲ್ಲ,
ನಸುಕಿಗೇ ಜೂ ಕಡೆಯಿಂದ ಸಿಂಹ ಕೂಗುತ್ತದೆ.
ಹೊಸದಾಗಿ ಬಾಡಿಗೆಗೆ ಬಂದವರು ಬೆಚ್ಚಿ ಏಳುತ್ತಾರೆ.
ನಾವು ಮಗ್ಗುಲು ಬದಲಿಸಿ
ಇನ್ನೂ ಅರ್ಧ ಗಂಟೆ ಇದೆ ಅನ್ನುತ್ತೇವೆ.

ಆರಕ್ಕೆ ಆರಾಧ್ಯರು ಖೈರುನ್ನೀಸಾಗೆ,
ಖೈರುನ್ನೀಸಾ ಚೆಲುವಾಂಬಗೆ,
ಚೆಲುವಾಂಬ ಪುಟ್ಟಮಾದಯ್ಯನಿಗೆ,
ಪುಟ್ಟಮಾದಯ್ಯ ನನಗೆ,
ನಾನು ಫಿಲೋಮಿನಾಗೆ,
ಫಿಲೋಮಿನಾ ತಿರುಗಿ ಆರಾಧ್ಯರಿಗೆ.
ಎರಡೇ ರಿಂಗು. ಎತ್ತಕೂಡದು.
ಮೂರನೆಯದು ಬಂದರೆ ಏನೋ ಆಗಿದೆ ಅಂತ ಅರ್ಥ.
ಈಗ ಕರೆಗೆ ಕಾಸಿಲ್ಲವಲ್ಲ, ಮಾತಾಡಬಾರದಾ ಅಜ್ಜಿ,
ಅಂತ ಮೊಮ್ಮಗಳು ನಗುತ್ತಾಳೆ.
ಮಾತಿಗೆ ಹಗಲೆಲ್ಲ ಇದೆ ಮಗು,
ಇದು ಬರೀ ಇದ್ದೀನಿ ಅನ್ನೋದಕ್ಕೆ.

ಹಿಂದಿನ ಕ್ರಾಸಿನ ಕೃಷ್ಣೋಜಿರಾಯರ ಬಾಗಿಲಲ್ಲಿ
ಹಾಲಿನ ಪ್ಯಾಕೆಟ್ಟು ಮೂರಾದ ಮೇಲೆ
ನಾವು ಆರು ಜನ ಆರಾಧ್ಯರ ಜಗುಲಿಯಲ್ಲಿ ಕೂತು
ಮಾಡಿಕೊಂಡ ಏರ್ಪಾಡು.
ಅಂದು ಯಾರೂ ಸರಿಯಾಗಿ ಕಾಫಿ ಕುಡಿಯಲಿಲ್ಲ.

ಮೂವತ್ತೊಂದು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ ನೇಯ್ದವಳು ನಾನು.
ಹಾಸಿನಲ್ಲಿ ಒಂದೆಳೆ ಕಡಿದರೂ
ಪಿನ್ನು ಬಿದ್ದು ಮಗ್ಗ ತಾನೇ ನಿಲ್ಲುತ್ತಿತ್ತು.
ಅಷ್ಟು ಗದ್ದಲದಲ್ಲೂ ಆ ಒಂದು ಮೌನ
ಮೊದಲು ಕಿವಿಗೆ ಬೀಳುತ್ತಿತ್ತು.

ಪುಟ್ಟಮಾದಯ್ಯನದೂ ಅದೇ ಶೆಡ್ಡು.
ನನಗೂ ಆತನಿಗೂ ಇಪ್ಪತ್ತಾರು ವರ್ಷದಿಂದ ಮಾತಿಲ್ಲ.
ನೌಕರರ ಸೊಸೈಟಿ ಎಲೆಕ್ಷನ್ನಿನಲ್ಲಿ
ಹನ್ನೊಂದು ಓಟಿಗೆ ನನ್ನನ್ನು ಸೋಲಿಸಿದ,
ಅದರಲ್ಲಿ ನಾಲ್ಕು ಓಟು ನಮ್ಮ ಸಾಲಿನವೇ.
ಮನೆಯ ಸರದಿ ಹಾಗೆ ಬಂತು, ಏನು ಮಾಡಲಿ.
ರಿಂಗು ಮಾತಲ್ಲವಲ್ಲ ಅಂತ ಒಪ್ಪಿದೆ.

ಧನುರ್ಮಾಸದ ಒಂದು ದಿನ
ಆರೂ ಹತ್ತಾಯಿತು, ಹದಿನೈದಾಯಿತು.
ಫೋನನ್ನು ಕಿಟಕಿಯ ಹತ್ತಿರ ಹಿಡಿದೆ,
ಸೆರಗಿನಿಂದ ಒರೆಸಿದೆ, ಆಫ್ ಮಾಡಿ ಆನ್ ಮಾಡಿದೆ.
ಆರೂ ಇಪ್ಪತ್ತು.
ಕಾಲಿಗೆ ಒಂದು ಬಾತ್ರೂಮಿನ ಚಪ್ಪಲಿ, ಒಂದು ಹೊರಗಿನದು.
ಮಂಜಿನಲ್ಲಿ ಬೀದಿಯೇ ಇಲ್ಲ, ಗೋಡೆ ಸವರಿಕೊಂಡು ನಡೆದೆ.
ಆತನ ಬಾಗಿಲಿಗೆ ಬಂದಾಗ
ಮೊದಲು ನೋಡಿದ್ದು ಹಾಲಿನ ಪ್ಯಾಕೆಟ್ಟು.
ಇರಲಿಲ್ಲ.

ಮೆಟ್ಟಿಲ ಮೇಲೆ ಕೂತಿದ್ದ, ಮಫ್ಲರು ಸುತ್ತಿಕೊಂಡು,
ಕೈಯಲ್ಲಿ ಫೋನು.
ಎಷ್ಟು ಒತ್ತಿದರೂ ಹೋಗ್ತಾ ಇಲ್ಲ, ಅಂದ,
ವ್ಯಾಲಿಡಿಟಿ ಮುಗಿದಿದೆಯಂತೆ.
ಯಾರ್ದು? ಅಂದೆ.
ಇಪ್ಪತ್ತಾರು ವರ್ಷದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು.
ಆತ ನಗಲಿಲ್ಲ.
ಬರ್ತೀರೋ ಇಲ್ವೋ ಅಂತಿದ್ದೆ, ಅಂದ.
ಯಾಕೆ, ನೀವೇ ಬಂದು ಹೇಳಬಹುದಿತ್ತಲ್ಲ?
ನೀವು ಬಾಗಿಲು ತೆಗೀತೀರೋ ಇಲ್ವೋ ಅಂತ.

ಅಷ್ಟರಲ್ಲಿ ನೆನಪಾಯಿತು,
ನಾನು ಮುಂದಕ್ಕೆ ರಿಂಗು ಕೊಟ್ಟಿಲ್ಲ.
ಮಂಜಿನೊಳಗಿಂದ ಒಬ್ಬೊಬ್ಬರಾಗಿ ಬಂದರು,
ನೈಟಿ ಮೇಲೆ ಶಾಲು ಹೊದ್ದ ಫಿಲೋಮಿನಾ ಏದುಸಿರು ಬಿಡುತ್ತ,
ಅರ್ಧ ಕ್ಷೌರದ ಆರಾಧ್ಯರು, ಒಂದು ಕೆನ್ನೆಗೆ ಸೋಪು,
ಎಲ್ಲರ ಮನೆಯ ಇನ್ನೊಂದು ಬೀಗದ ಕೈಯ ಗೊಂಚಲು ಹಿಡಿದು ಖೈರುನ್ನೀಸಾ.
ಚೆಲುವಾಂಬ ಬರಿಗಾಲಲ್ಲಿ ಬಂದವಳು
ನಮ್ಮಿಬ್ಬರನ್ನೂ ಜೀವಂತ ನೋಡಿ
ಕೋಪಕ್ಕೆ ಅತ್ತೇಬಿಟ್ಟಳು.
ಆ ಮನೆಯಲ್ಲಿ ಲೋಟ ನಾಲ್ಕೇ ಇದ್ದವು.
ಇಬ್ಬರು ಬಟ್ಟಲಲ್ಲಿ ಕುಡಿದೆವು.

ರೀಚಾರ್ಜನ್ನು ನಾನೇ ಮಾಡಿಸಿದೆ, ಮೂಲೆ ಅಂಗಡಿಯಲ್ಲಿ.
ದುಡ್ಡು ಇನ್ನೂ ಕೊಟ್ಟಿಲ್ಲ.

ಮಾರನೇ ಬೆಳಿಗ್ಗೆ ಆರೂ ಐದಕ್ಕೆ
ಒಂದು ರಿಂಗು. ಎರಡು.
ಮೂರನೆಯದೂ ಬಂತು.
ಎದೆ ಹಾರಿ ಎತ್ತಿದೆ.
ಏನಿಲ್ಲ, ಅಂದ,
ಇವತ್ತು ಸಿಂಹ ಎರಡು ಸಲ ಕೂಗ್ತು, ಕೇಳಿಸ್ತಾ?
ಕೇಳದೇ ಏನು,
ನಿಮ್ಮನೆಗಿಂತ ನಮ್ಮನೆಯೇ ಜೂಗೆ ಹತ್ತಿರ, ಅಂದೆ.
ಹಾಗೇನಿಲ್ಲ, ಅಳೆದು ನೋಡೋಣ, ಅಂದ.

ಫಿಲೋಮಿನಾ ಅಷ್ಟರಲ್ಲಿ ಆಗಲೇ
ಶಾಲು ಹೊದ್ದು ಹೊರಟಿದ್ದಳು.